ರಿಂಗಾಗುವ ಮೊದಲು

ಎಲ್ಲರೂ ಕೇಳುವುದು ಅದನ್ನೇ:
ಐತಪ್ಪಣ್ಣ, ನೀವು ಏರ್‌ಪೋರ್ಟಿನಲ್ಲಿ ಇದ್ದವರಲ್ಲ,
ಒಂದು ಮೊಬೈಲಿಗೆ ವಿಮಾನ ಬೀಳುತ್ತದಾ?

ಬೀಳುವುದಿಲ್ಲ ಮಾರಾಯರೇ.
ಇಪ್ಪತ್ತೇಳು ವರ್ಷ ನಾನು ಕಾದದ್ದು ವಿಮಾನವನ್ನಲ್ಲ,
ಎರಡು ಗುಂಯ್‌ಗಳನ್ನು.
ರನ್‌ವೇಯ ಎಡಕ್ಕೆ ದಪ್ಪ ಸ್ವರದ್ದೊಂದು,
ಬಲಕ್ಕೆ ಸಣ್ಣ ಸ್ವರದ್ದೊಂದು,
ಕಾಣದ ಬೇಲಿ.
ಎರಡೂ ಸಮ ಕೇಳುವ ಕಡೆ ಸೂಜಿ ನಡುವೆ ನಿಲ್ಲುತ್ತದೆ.
ಅದೇ ದಾರಿ. ಅಷ್ಟೇ ದಾರಿ.
ಮಳೆಗಾಲದಲ್ಲಿ ಆಂಟೆನಾದ ಮುಂದೆ ಹುಲ್ಲು ಎದ್ದರೆ
ಸೂಜಿಗೆ ಅನುಮಾನ ಬರುತ್ತದೆ;
ಕೊಯ್ಯಿಸುತ್ತಿದ್ದೆ.
ಒಮ್ಮೆ ಒಂದು ಎಮ್ಮೆ ಬಂದು ನಿಂತಿತ್ತು.
ಅದನ್ನೂ ಬರೆದಿದ್ದೇನೆ ಲಾಗ್‌ಬುಕ್ಕಿನಲ್ಲಿ, ಹೊತ್ತು ಸಮೇತ.

ಮೊಬೈಲು ಮಾಡುವುದು ಇಷ್ಟು:
ಪೈಲಟನ ಕಿವಿಯೊಳಗೆ
ಟಿರ್ರಿಟಿ ಟಿರ್ರಿಟಿ ಎಂದು ಒಂದು ನುಸಿ.
ಕೆಳಗಿನಿಂದ ಹೇಳಿದ್ದು ಇಳಿಯೆಂದೋ, ಇಳಿಯಬೇಡವೆಂದೋ,
ಆ ಕೊನೆಯ ಎರಡಕ್ಷರದ ಮೇಲೆ ನುಸಿ ಕೂತರೆ
ಇಲ್ಲಿಗೆ ನಿಲ್ಲಿಸುತ್ತೇನೆ.
ನಮ್ಮ ಕಡೆ ಆ ಮಾತನ್ನು ಯಾರೂ ಪೂರ್ತಿ ಮಾಡುವುದಿಲ್ಲ,
ಮೇ ತಿಂಗಳಲ್ಲಂತೂ ಇಲ್ಲ.

ಈಗ ಕುಂಜತ್ತೂರಿನಲ್ಲಿದ್ದೇನೆ,
ತಲಪಾಡಿಯ ಗೇಟಿಗೆ ಎರಡು ಮೈಲು ಇಲ್ಲ.
ಈಚೆ ನನ್ನ ಹಳೇ ಟ್ರಾನ್ಸಿಸ್ಟರು,
ಗೋಡೆಯಾಚೆ ನೆಬಿಸಾಳ ಹೊಲಿಗೆ ಮಿಷಿನು,
ಜೂನಿಗೆ ಮೊದಲು ಮುಗಿಯಬೇಕಾದ ನೀಲಿ ಯೂನಿಫಾರ್ಮಿನ ರಾಶಿ.
ಅವಳದು ಬಟನ್ನಿನ ಫೋನು.
ಗೋಡೆಯ ಮೇಲೆ, ನನ್ನ ರೇಡಿಯೋದ ಪಕ್ಕ, ಇಡುತ್ತಾಳೆ,
ಸಿಗ್ನಲ್ಲು ಅಲ್ಲಿ ಮಾತ್ರ.
ಕರೆ ಬರುವಾಗ, ರಿಂಗಿಗೂ ಒಂದು ಉಸಿರು ಮೊದಲು,
ರೇಡಿಯೋ ಹೇಳುತ್ತದೆ: ಟಿರ್ರಿಟಿ.
"ನೆಬಿಸಾ, ಬಂತು" ಎನ್ನುತ್ತೇನೆ.
ಫೋನು ಆಮೇಲೆ ರಿಂಗಾಗುತ್ತದೆ.
ಮೊದಮೊದಲು ಹೆದರಿದ್ದಳು,
ಈ ಮನುಷ್ಯನಿಗೆ ಏನೋ ಮೈಮೇಲೆ ಬರುತ್ತದೆಂದು.

ಮುನವ್ವರ್ ಶಾರ್ಜಾದಿಂದ ಬರುವ ರಾತ್ರಿ
ವಿಮಾನ ಇನ್ನೂ ಕಡಲ ಮೇಲಿರುವಾಗಲೇ ಹಚ್ಚುತ್ತಾನೆ:
"ಹಾರ್ಬರಿನ ಲೈಟು ಕಂಡಿತು ಮಾರಾಯ್ತಿ!"
ಕಳೆದ ಸಲ ಗದರಿಸಿದ್ದೆ,
ಕಿವಿ ಹಿಂಡುವುದೊಂದು ಬಾಕಿ.
ಎರಡು ವರ್ಷ ತಡೆದವನಿಗೆ
ಹತ್ತು ನಿಮಿಷ ತಡೆಯಲಿಕ್ಕೆ ಆಗುವುದಿಲ್ಲವಾ?

ಮೊನ್ನೆ, ಸುಬಹಿ ಬಾಂಗಿಗೆ ಇನ್ನೂ ಹೊತ್ತಿತ್ತು,
ಕಡಲ ಮೇಲೆ ಮೋಡ ಕವುಚಿ ಕೂತಿತ್ತು.
ಒಂದು ಕೆಂಪು ದೀಪ ಉತ್ತರಕ್ಕೆ ಇಳಿಯುತ್ತಾ ಹೋಗಿ
ಮೋಡದೊಳಗೆ ಇಲ್ಲವಾಯಿತು.
ಇನ್ನು ನೆಲ ಮುಟ್ಟಿರಬೇಕು ಎನ್ನುವ ಹೊತ್ತಿಗೆ
ಅದೇ ದೀಪ ಮೋಡದ ಅಂಚಿನಿಂದ ಹೊರಬಂತು,
ಮೇಲಕ್ಕೆ, ಕಡಲಿನ ಕಡೆಗೆ.
ನಾನು ಏನೂ ಹೇಳಲಿಲ್ಲ.
ಅವಳು ಕೇಳಲಿಲ್ಲ.
ಕೈಯಲ್ಲಿದ್ದ ಕಾಲರಿಗೆ ದಾರ ಹಾಕದ ಸೂಜಿಯನ್ನು
ಚುಚ್ಚಿ ತೆಗೆದು, ಚುಚ್ಚಿ ತೆಗೆದು.

ಆಗ ರೇಡಿಯೋ: ಟಿರ್ರಿಟಿ ಟಿರ್ರಿಟಿ.
"ಬಂತಲ್ಲ ಐತಪ್ಪಣ್ಣ!" ಈ ಸಲ ಅವಳೇ ಅಂದಳು.
ಇಬ್ಬರೂ ಫೋನನ್ನೇ ನೋಡಿದೆವು.
ರಿಂಗಾಗಲಿಲ್ಲ.

ಅದು ಅವನದ್ದಲ್ಲವೆಂದು ನನಗೆ ಗೊತ್ತು.
ಈ ಗಡಿಯಲ್ಲಿ ಫೋನಿಗೆ ನಿದ್ದೆ ಎಂಬುದಿಲ್ಲ.
ಒಂದು ಗಳಿಗೆ ಕರ್ನಾಟಕದ ಟವರು, ಮರುಗಳಿಗೆ ಕೇರಳದ್ದು,
ಆಚೀಚೆ ಹಾರುವಾಗೆಲ್ಲ
ನಾನಿಲ್ಲಿದ್ದೇನೆ, ನಾನಿಲ್ಲಿದ್ದೇನೆ ಎಂದು
ಯಾರೂ ಕರೆಯದಿದ್ದರೂ ಕೂಗಿಕೊಳ್ಳುತ್ತದೆ.
ಹೇಳಬಹುದಿತ್ತು.
ಇದ್ದದ್ದನ್ನು ಇದ್ದ ಹಾಗೆ ಬರೆದು ಸಂಬಳ ತೆಗೆದುಕೊಂಡವನು ನಾನು.
"ಅವನೇ" ಎಂದೆ. "ಲೈನು ಸಿಗಲಿಲ್ಲ, ಅಷ್ಟೆ."
ಅವಳು ಸೂಜಿಗೆ ದಾರ ಪೋಣಿಸಿದಳು.

ಎಂಟೂವರೆಗೆ ರಿಕ್ಷಾ ಬಂತು,
ಹಗ್ಗ ಬಿಗಿದ ಎರಡು ಪೆಟ್ಟಿಗೆ, ನಡುವೆ ಮುನವ್ವರ್.
ಎರಡನೇ ಸುತ್ತಿಗೆ ಇಳಿಸಿದರಂತೆ.
"ಐತಪ್ಪಣ್ಣ, ನೀವು ಬೈದ ಮೇಲೆ ಬುದ್ಧಿ ಬಂದಿದೆ ನನಗೆ,
ಶಾರ್ಜಾದಲ್ಲಿ ಆಫ್ ಮಾಡಿದ್ದು,
ಇಗೊಳ್ಳಿ, ಇನ್ನೂ ಆನ್ ಮಾಡಲಿಲ್ಲ."

ನೆಬಿಸಾ ಗೋಡೆಯ ಮೇಲಿನಿಂದ ನನ್ನನ್ನು ನೋಡಿದಳು.
ನಾನು ರೇಡಿಯೋದ ಬ್ಯಾಟರಿ ತೆಗೆದು,
ಪಂಚೆಯ ತುದಿಯಲ್ಲಿ ಒರೆಸಿ,
ಮತ್ತೆ ಹಾಕಿದೆ.